ಗಂಡನ ಹರಕೆ, ಹೆಂಡತಿಯ ಕಾಲು

"ಒಂದು ಮೀಟರ್ ಕೂಡ ಬಿಡಲ್ಲ," ಎಂದು ಘೋಷಿಸಿದ ಕುನ್‌ಹಾಯ್, ಸೋಯಾ ಹಾಲಿನ ಬಟ್ಟಲನ್ನು ಮೇಜಿನ ಮೇಲೆ ಕುಕ್ಕುತ್ತ. "ಶಿಂಜುವಿನ ನಮ್ಮ ಮನೆ ಬಾಗಿಲಿಂದ ಹೊರಟು ಮತ್ತೆ ಇದೇ ಬಾಗಿಲಿಗೆ. ಇಡೀ ತೈವಾನ್ ಒಂದು ಸುತ್ತು. ಸೈಕಲ್ ಮೇಲೆ. ಹನ್ನೆರಡು ದಿನ."

ಅವನ ಹೆಂಡತಿ ಲೀಜು, ಕರಿದ ಹಿಟ್ಟಿನ ಕೋಲನ್ನು ತನ್ನ ಹಾಲಿನಲ್ಲಿ ಅದ್ದುತ್ತಿದ್ದಳು. ತಲೆ ಎತ್ತದೆ, "ಹೋಗಿ ಬಾ," ಎಂದಳು.

"ನಾವಿಬ್ಬರೂ."

ಹಿಟ್ಟಿನ ಕೋಲು ಕೈಜಾರಿ ಹಾಲಿನಲ್ಲೇ ಮುಳುಗಿತು.

"ನನ್ನ ಕೇಳಿದ್ಯಾ?"

"ಈಗ ಕೇಳ್ತಾ ಇದೀನಲ್ಲ."

"ಇದು ಕೇಳೋದಲ್ಲ, ಶಾಲೆಯ ನೋಟೀಸು. ನೀನು ಸೈಕಲ್ ಹತ್ತಿ ಎಷ್ಟು ವರ್ಷ ಆಯ್ತು ಮುದುಕಾ?"

"ಸೈಕಲ್ ಸಮತೋಲನದ ನಿಯಮ ಬದಲಾಗಿಲ್ಲ," ಎಂದ ಕುನ್‌ಹಾಯ್. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ಇನ್ನು ಹೇಗೆ ಮಾತಾಡಿಯಾನು? ಕಪಾಟಿನಿಂದ ಹನ್ನೊಂದು ಪುಟದ ವೇಳಾಪಟ್ಟಿ ತೆಗೆದು ಮುಂದಿಟ್ಟ. ಅರ್ಧರ್ಧ ಗಂಟೆಗೂ ಒಂದು ಸಾಲು. ಎಲ್ಲಿ ಗಾಳಿ ಬೆನ್ನಿಗೆ, ಎಲ್ಲಿ ಮುಖಕ್ಕೆ, ಎಲ್ಲಿ ಏರು. ಮಳೆ ಬಂದರೆ ಎಂದು ಹನ್ನೊಂದು ಪುಟಗಳಿಗೂ ಲ್ಯಾಮಿನೇಟ್ ಮಾಡಿಸಿದ್ದ.

ಲೀಜು ಆ ಪುಟಗಳನ್ನೂ ನೋಡಿದಳು, ಗಂಡನನ್ನೂ ನೋಡಿದಳು. ಮದುವೆಯಾದಾಗಿನಿಂದ ಬೀದಿ ಕೊನೆಯ ಅಂಗಡಿಗೂ ಸ್ಕೂಟರಿನಲ್ಲೇ ಹೋದ ಮನುಷ್ಯ. ಏನಾಗಿದೆ ಇವನಿಗೆ?

ಏನಾಗಿತ್ತು ಎಂಬುದನ್ನು ಕುನ್‌ಹಾಯ್ ಹೇಳುವಂತಿರಲಿಲ್ಲ. ಅದಕ್ಕೆ ಕಾರಣ, ಮೂವತ್ತೊಂದು ವರ್ಷ ಅವನೇ ಮಾಡಿದ ಒಂದು ಪಾಠ.

ಗುಡಿಯಲ್ಲಿ ದೇವರನ್ನು ಪ್ರಶ್ನೆ ಕೇಳಲು ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳಿರುತ್ತವೆ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ನೆಲಕ್ಕೆ ಹಾಕಿದಾಗ ಒಂದು ಅಂಗಾತ, ಒಂದು ಕವುಚಿ ಬಿದ್ದರೆ ದೇವರು ಹೂಂ ಎಂದಂತೆ. ಎರಡೂ ಕವುಚಿದರೆ ಉಹೂಂ. ಎರಡೂ ಅಂಗಾತ ಬಿದ್ದು ತೊಟ್ಟಿಲಿನಂತೆ ಓಲಾಡಿದರೆ ದೇವರು ನಗುತ್ತಿದ್ದಾರೆ ಎಂದರ್ಥ. ದೊಡ್ಡ ವಿಷಯಕ್ಕಾದರೆ ಸತತ ಮೂರು ಸಲ ಹೂಂ ಬೀಳಬೇಕು. ಕುನ್‌ಹಾಯ್ ಪ್ರತಿ ವರ್ಷ ಈ ತುಂಡುಗಳನ್ನು ತರಗತಿಗೆ ತಂದು, ನಲವತ್ತು ಮಕ್ಕಳ ಕೈಯಲ್ಲಿ ಆರಾರು ಸಲ ಹಾಕಿಸಿ, ಅರ್ಧ ಹೂಂ, ಕಾಲು ಉಹೂಂ, ಕಾಲು ನಗು ಎಂದು ಹಲಗೆಯ ಮೇಲೆ ಬರೆದು, "ಇದು ದೇವರ ಮಾತಲ್ಲ ಮಕ್ಕಳೇ, ಮರದ ಮಾತು," ಎನ್ನುತ್ತಿದ್ದ. ಮನೆಯಲ್ಲಿ ಅತ್ತೆ ಗುಡಿಗೆ ಹೊರಟರೆ, "ಮರ ಏನಂತೆ?" ಎಂದು ಕೆಣಕುತ್ತಿದ್ದ.

ಇಂಥವನ ಹೆಂಡತಿಗೆ ಕಳೆದ ವಸಂತದಲ್ಲಿ ಬಲಗಣ್ಣಿನ ಒಳಪರದೆ ಕಳಚಿಕೊಂಡು ದೃಷ್ಟಿ ಹೋಯಿತು. "ಏನೂ ಹೇಳಕ್ಕಾಗಲ್ಲ," ಎಂದರು ಡಾಕ್ಟರು. ಆಪರೇಷನ್ ಮೂರು ಗಂಟೆ. ಮೊದಲ ಗಂಟೆ ಕುನ್‌ಹಾಯ್ ಆಸ್ಪತ್ರೆಯ ನೆಲದ ಕಲ್ಲುಗಳನ್ನು ಎಣಿಸಿದ. ಎರಡನೇ ಗಂಟೆ, ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿದ್ದ ಸಮುದ್ರದೇವಿ ಮಾಝುವಿನ ಗುಡಿಯ ಮುಂದೆ ನಿಂತು, ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದಾರೆಯೇ ಎಂದು ಎಡಕ್ಕೂ ಬಲಕ್ಕೂ ನೋಡಿ, ಒಳಗೆ ನುಗ್ಗಿದ.

ಹರಕೆ ಹೊತ್ತುಕೊಂಡದ್ದೂ ಪ್ರಯೋಗಶಾಲೆಯ ವರದಿಯಂತೆಯೇ. ಹೆಸರು, ಪಿನ್ ಕೋಡ್ ಸಮೇತ ವಿಳಾಸ, ಜನ್ಮದಿನಾಂಕ. ಆಮೇಲೆ ಕರಾರು: "ನನ್ನ ಹೆಂಡತಿಯ ಬಲಗಣ್ಣಿಗೆ ದೃಷ್ಟಿ ಬಂದರೆ, ನಾನೂ ಅವಳೂ ಈ ದ್ವೀಪವನ್ನು ಸ್ವಂತ ಕಾಲಬಲದಿಂದ, ಯಾವ ಭಾಗವನ್ನೂ ಬಿಡದೆ, ಒಂದು ಪೂರ್ಣ ಸುತ್ತು ಹಾಕುತ್ತೇವೆ, ಸರ್ಕಾರ ಸೈಕಲ್ ನಿಷೇಧಿಸಿರುವ ರಸ್ತೆಗಳನ್ನು ಹೊರತುಪಡಿಸಿ."

ದೃಷ್ಟಿ ಬಂತು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂತು. ಆಸ್ಪತ್ರೆಯಿಂದ ಮನೆಗೆ ಬಂದ ಲೀಜು ಹೊಸಿಲಲ್ಲೇ ನಿಂತು, ಧೂಳು ಹೊಡೆಯದ ಹದಿನಾಲ್ಕು ಜಾಗ ತೋರಿಸಿದಳು. ಆರು ತಿಂಗಳಾದ ಮೇಲೆ ಡಾಕ್ಟರು, "ಇನ್ನು ಸೈಕಲ್ ತುಳಿದರೂ ತೊಂದರೆ ಇಲ್ಲ," ಎಂದರು. ಅಂದಿನಿಂದ ಕುನ್‌ಹಾಯ್‌ಗೆ ನೆಮ್ಮದಿ ಇಲ್ಲ. ಲೀಜು ಬಲಗಣ್ಣು ಉಜ್ಜಿಕೊಂಡರೆ ಸಾಕು, ಇವನ ಎದೆ ಧಸಕ್ಕೆನ್ನುವುದು. ಹರಕೆ ತೀರಿಸದಿದ್ದರೆ ಕಣ್ಣು ಹೋಗುತ್ತದೆ ಎಂಬ ನಂಬಿಕೆ ಅವನಿಗೆ ಖಂಡಿತ ಇರಲಿಲ್ಲ. ಆದರೆ ಪ್ರಯೋಗ ಮಾಡಿ ನೋಡುವ ಧೈರ್ಯವೂ ಇರಲಿಲ್ಲ.

ಮೂರು ದಿನ ಯೋಚಿಸಿ ಲೀಜು ಒಪ್ಪಿದಳು. ಅವಳದು ಗಂಡಸರೂ ಹೆಂಗಸರೂ ಬರುವ ಕ್ಷೌರದಂಗಡಿ, ಮೂವತ್ತೈದು ವರ್ಷ ನಿಂತೇ ಕೂದಲು ಕತ್ತರಿಸಿದ ಕಾಲು. "ಇಷ್ಟು ವರ್ಷ ಜನರ ತಲೆಯ ಹಿಂಭಾಗ ನೋಡಿದ್ದಾಯ್ತು," ಎಂದಳು. "ದ್ವೀಪದ ಹಿಂಭಾಗವನ್ನೂ ನೋಡಿಬಿಡೋಣ. ಆದ್ರೆ ಒಂದು ಮಾತು. ದಾರೀಲಿ ನಂಗೆ ಪಾಠ ಮಾಡಬಾರದು."

ನವೆಂಬರಿನ ಉತ್ತರದ ಗಾಳಿ ಬೆನ್ನಿಗೆ ಬಿದ್ದು ತಳ್ಳುತ್ತಿದ್ದ ಒಂದು ಬೆಳಿಗ್ಗೆ ಇಬ್ಬರೂ ಹೊರಟರು. ವೇಳಾಪಟ್ಟಿಗಿಂತ ನಾಲ್ಕು ನಿಮಿಷ ಮುಂಚೆ. ಕುನ್‌ಹಾಯ್‌ಗೆ ಆ ನಾಲ್ಕು ನಿಮಿಷ ಪದಕದಂತೆ ಹೊಳೆಯುತ್ತಿತ್ತು. ಮೂವತ್ತೊಂದು ಕಿಲೋಮೀಟರ್ ಆಗುವಷ್ಟರಲ್ಲಿ ಒಂದು ನದಿ ಬಂತು, ಸೇತುವೆ ಬಂತು, ಸೇತುವೆಯ ಸೈಕಲ್ ದಾರಿ ರಿಪೇರಿಗೆ ಮುಚ್ಚಿತ್ತು.

"ಬನ್ನಿ ಅಂಕಲ್, ಬನ್ನಿ ಆಂಟಿ, ಆ ಕಡೆ ಬಿಡ್ತೀನಿ," ಎಂದ ರಿಪೇರಿಯವನು, ತನ್ನ ಪಿಕಪ್ ಗಾಡಿಯ ಹಿಂಬಾಗಿಲು ತೆರೆದು. ಲೀಜು ಸೈಕಲ್ ಸಮೇತ ಹತ್ತಿ ಕೂತಳು.

"ಇಳಿ," ಎಂದ ಕುನ್‌ಹಾಯ್.

"ಯಾಕೆ?"

"ವ್ಯಾಯಾಮ."

"ಮುನ್ನೂರು ಮೀಟರ್ ಸೇತುವೆ ಕಣೋ."

"ಮುನ್ನೂರ ನಲವತ್ತು."

ಪಿಕಪ್ ಹೊರಟೇ ಹೋಯಿತು. ಕುನ್‌ಹಾಯ್ ಆರು ಕಿಲೋಮೀಟರ್ ಸುತ್ತಿ, ಮೇಲಿನ ಸೇತುವೆಯಿಂದ ದಾಟಿ ಬಂದಾಗ ಲೀಜು ಆ ದಡದಲ್ಲಿ ನೆರಳಿಗೆ ಕೂತು, ಉಪ್ಪುಹುಳಿ ಪುಡಿ ಹಾಕಿದ ಸೀಬೆಹಣ್ಣು ತಿನ್ನುತ್ತಿದ್ದಳು. ಕುನ್‌ಹಾಯ್ ಅವಳ ಕಾಲುಗಳನ್ನು ದಿಟ್ಟಿಸಿದ. ತನ್ನ ಕಾಲೇನೋ ಕರಾರಿನಂತೆ ನಡೆದಿತ್ತು. ಆದರೆ ಹರಕೆಯಲ್ಲಿ ನಾಲ್ಕು ಕಾಲುಗಳಿದ್ದವು, ಅವುಗಳಲ್ಲಿ ಎರಡು ಮುನ್ನೂರ ನಲವತ್ತು ಮೀಟರನ್ನು ಪೆಟ್ರೋಲಿನಲ್ಲಿ ದಾಟಿದ್ದವು.

"ಟಾಯ್ಲೆಟ್‌ಗೆ ಹೋಗಿ ಬರ್ತೀನಿ," ಎಂದು ಪಕ್ಕದ ಗುಡಿಗೆ ಓಡಿದ.

ಪುಣ್ಯಕ್ಕೆ ಅದೂ ಮಾಝುವಿನ ಗುಡಿಯೇ. ಹೆಸರು, ಪಿನ್ ಕೋಡ್, ಜನ್ಮದಿನಾಂಕ ಒಪ್ಪಿಸಿ, "ಹೆಂಡತಿ ಪಿಕಪ್ಪಿನಲ್ಲಿ ದಾಟಿದ್ದನ್ನು ಮನ್ನಿಸಬಹುದೇ?" ಎಂದು ತುಂಡು ಹಾಕಿದ. ಎರಡೂ ಅಂಗಾತ ಬಿದ್ದು ಓಲಾಡಿದವು. ಮತ್ತೆ ಹಾಕಿದ. ಮತ್ತೆ ನಗು.

ಹೊರಗೆ ಬಂದು, "ಲೀಜು, ಆ ದಡದಲ್ಲಿ ಕೈಗವಸು ಬಿಟ್ಟು ಬಂದೆ," ಎಂದ.

"ಕೈಯಲ್ಲೇ ಇದೆ."

"ಇನ್ನೊಂದು ಜೊತೆ. ನಂಗೆ ಸುಸ್ತಾಗಿದೆ, ನೀನೇ ತಗೊಂಡ್ಬಾ."

ಹೀಗೆ ಇಲ್ಲದ ಕೈಗವಸು ಹುಡುಕಲು ಲೀಜು ಆರು ಕಿಲೋಮೀಟರ್ ಹಿಂದಕ್ಕೂ ಆರು ಕಿಲೋಮೀಟರ್ ಮುಂದಕ್ಕೂ ತುಳಿದಳು. ಚಾಂಗ್‌ಹ್ವಾ ತಲುಪಿದಾಗ ವೇಳಾಪಟ್ಟಿ ಎರಡೂವರೆ ಗಂಟೆ ಹಿಂದೆ ಬಿದ್ದಿತ್ತು. ಅಲ್ಲಿ ಹೋಟೆಲ್ ರೂಮು ಐದನೇ ಮಹಡಿಯಲ್ಲಿ. ಲೀಜು ಲಿಫ್ಟ್ ಹತ್ತಿದಳು. ಕುನ್‌ಹಾಯ್ ಲಿಫ್ಟಿನ ಬಾಗಿಲಲ್ಲೇ ನಿಂತುಬಿಟ್ಟ. ಮೇಲಕ್ಕೆ ಹೋಗುವುದು ಸುತ್ತುವುದರಲ್ಲಿ ಸೇರುತ್ತದೆಯೇ?

"ಟಾಯ್ಲೆಟ್," ಎಂದ.

"ರೂಮಲ್ಲೇ ಇದೆಯಲ್ಲ."

"ಗುಡೀದು ಚೆನ್ನಾಗಿರುತ್ತೆ."

ಲಿಫ್ಟಿನ ವಿಷಯಕ್ಕೂ ದೇವಿ ನಕ್ಕಳು. ಕುನ್‌ಹಾಯ್ ಐದು ಮಹಡಿ ಮೆಟ್ಟಿಲು ಹತ್ತಿದ.

ಕರಾರು ಎಷ್ಟು ಬಿಗಿಯಾಗಿದೆಯೋ ಅದರ ತೊಡಕೂ ಅಷ್ಟೇ ಎಂಬುದು ಎರಡನೇ ದಿನದಿಂದ ಅವನಿಗೆ ಮನದಟ್ಟಾಗತೊಡಗಿತು. ಇಳಿಜಾರಿನಲ್ಲಿ ತುಳಿಯದೆ ಉರುಳಿದರೆ ಅದು ಕಾಲಬಲವೋ, ಭೂಮಿಯ ಗುರುತ್ವಬಲವೋ? ಬೆನ್ನಿಗೆ ಬೀಸಿದ ಗಾಳಿ ವಾಹನವೋ ಅಲ್ಲವೋ? ಸಂಶಯ ಬಂದಾಗೆಲ್ಲ ಒಂದು ಗುಡಿ, ಗುಡಿಗೊಂದು ಟಾಯ್ಲೆಟ್ಟಿನ ನೆಪ. ದಾರಿಯಲ್ಲಿ ಎಲ್ಲ ಕಡೆ ಮಾಝುವಿನ ಗುಡಿ ಸಿಗದು. ಬಿಸಿಲು ಹೆಚ್ಚಾದಂತೆ ಹೊಲದಂಚಿನ ಭೂಮಿದೇವರ ಮೊರೆಯನ್ನೂ ಹೋದ. ಆ ಪುಟ್ಟ ದೇವರು ಊರ ಪಟೇಲನಂತೆ, ತನ್ನ ಗಡಿಯೊಳಗಿನ ಮಾತಿಗಷ್ಟೇ ಹೂಂ ಎನ್ನುವವನು. ಅವನೂ ನಕ್ಕ.

ತೈನಾನ್ ತಲುಪುವಷ್ಟರಲ್ಲಿ ಕುನ್‌ಹಾಯ್ ನಲವತ್ತೊಂದು ಸಲ ತುಂಡು ಹಾಕಿದ್ದ. ಒಂಬತ್ತು ಹೂಂ, ಹತ್ತು ಉಹೂಂ, ಇಪ್ಪತ್ತೆರಡು ನಗು. ಇಷ್ಟು ನಗು ಆಕಸ್ಮಿಕವಾಗಿ ಬೀಳುವ ಸಂಭವ ಹತ್ತು ಸಾವಿರಕ್ಕೆ ಒಂದು. ಮರ ಸವೆದಿರಬೇಕು ಎಂದು ಮೂರು ಗುಡಿಗಳಲ್ಲಿ ತುಂಡುಗಳ ಉಬ್ಬನ್ನು ಬೆರಳಿನಿಂದ ಅಳೆದು ನೋಡಿದ. ಮರ ನೆಟ್ಟಗಿತ್ತು.

ಇತ್ತ ಲೀಜು ಬೇರೆಯೇ ಲೆಕ್ಕ ಇಟ್ಟಿದ್ದಳು. ಭೌತಶಾಸ್ತ್ರದ ಮೇಷ್ಟ್ರ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಅಂಕಿಅಂಶ ಬರೆದಿಡುವುದು ಬಾರದೇ? ಗಂಡ ಟಾಯ್ಲೆಟ್ಟಿಗೆ ಹೋದದ್ದು ಮೊದಲ ದಿನ ನಾಲ್ಕು ಸಲ, ಎರಡನೇ ದಿನ ಏಳು, ಮೂರನೇ ದಿನ ಹನ್ನೊಂದು. ಈ ವಯಸ್ಸಿನ ಗಂಡಸಿಗೆ ಹೀಗಾದರೆ ಏನರ್ಥ ಎಂಬುದು ಅವಳ ಕ್ಷೌರದಂಗಡಿಯಲ್ಲಿ ಕುರ್ಚಿಗೆ ಬಂದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಕುನ್‌ಹಾಯ್ ಸೈಕಲ್ಲಿಗೆ ಸಿಕ್ಕಿಸಿದ್ದ ನೀರಿನ ಬಾಟಲಿ ನಾಲ್ಕನೇ ದಿನ ಬೆಳಿಗ್ಗೆ ಮಾಯವಾಯಿತು.

"ನನ್ನ ನೀರು?"

"ಗುಟುಕು ಗುಟುಕು ನಾನೇ ಕೊಡ್ತೀನಿ."

"ಆ ಅಂಗಡೀಲಿ ತಣ್ಣನೆ ಚಹಾ..."

"ಚಹಾ ಉಚ್ಚೆ ಬರಿಸುತ್ತೆ. ಬೇಡ."

"ಕಲ್ಲಂಗಡಿ?"

"ಅದು ಕೇಳ್ಲೇಬೇಡ."

ತೈನಾನಿನ ಬೆಳಗಿನ ಬಿಸಿಬಿಸಿ ಮಾಂಸದ ಸಾರನ್ನು ಲೀಜು ಅವನ ಎದುರಿಗೇ ಕುಡಿದಳು. ಅವನ ಬಟ್ಟಲಿನಿಂದ ಮಾಂಸದ ತುಂಡುಗಳನ್ನಷ್ಟೇ ಸೋಸಿ ಕೊಟ್ಟಳು. ನೀರಿನ ಬದಲು ಅವನ ಜೇಬು ತುಂಬ ಕುಂಬಳದ ಬೀಜ ತುಂಬಿದಳು. "ಅಗಿ. ಆ ಭಾಗಕ್ಕೆ ಒಳ್ಳೇದು."

"ಯಾವ ಭಾಗಕ್ಕೆ?"

"ಗೊತ್ತಿಲ್ದೋರ ಹಾಗೆ ಆಡ್ಬೇಡ. ಅಗಿ."

ಗಾವ್‌ಶ್ಯೋಂಗ್ ನಗರದ ಹೊರವಲಯದಲ್ಲಿ ಕುನ್‌ಹಾಯ್‌ನ ಎರಡೂ ಮೀನಖಂಡ ಗಂಟುಕಟ್ಟಿಕೊಂಡು, ಅವನು ಟ್ರಾಫಿಕ್ ಸಿಗ್ನಲ್ಲಿನ ಕೆಳಗೆ ಸೈಕಲ್ ಸಮೇತ ನಿಧಾನವಾಗಿ, ಬಹಳ ಘನತೆಯಿಂದ, ಬಲಕ್ಕೆ ಒರಗಿದ. ಲೀಜು ಅವನನ್ನು ಎಬ್ಬಿಸಿದವಳೇ ನೆಟ್ಟಗೆ ಒಂದು ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದಳು. ನಡೆದದ್ದರಿಂದ ಕರಾರಿಗೆ ಭಂಗ ಬರಲಿಲ್ಲ ಎಂಬುದೊಂದೇ ಅವನಿಗೆ ಸಮಾಧಾನ.

"ದಿನಕ್ಕೆ ಎಷ್ಟು ಸಲ ಹೋಗ್ತೀರಿ ಅಂಕಲ್?" ಎಂದು ಕೇಳಿದಳು ಚಿಕ್ಕವಯಸ್ಸಿನ ಡಾಕ್ಟರು.

ಲೀಜು ಚೀಟಿ ತೆಗೆದಳು. "ನಾಲ್ಕು, ಏಳು, ಹನ್ನೊಂದು. ನೆನ್ನೆ ಒಂಬತ್ತು, ಅದೂ ನೀರು ಕೊಡದೇ ಇದ್ದಾಗ. ಎಲ್ಲಾ ಗುಡೀಲೇ."

"ಗುಡೀಲೇ?"

"ಪೆಟ್ರೋಲ್ ಬಂಕಿನಲ್ಲಿ ಇವನಿಗೆ ಬರೋದೇ ಇಲ್ಲ. ಎರಡು ಸಲ ಕರ್ಕೊಂಡು ಹೋಗಿ ನಿಲ್ಲಿಸಿದೆ."

"ಒಂದೊಂದು ಸಲಕ್ಕೂ ಎಷ್ಟು ಹೊತ್ತು?"

"ಎಂಟರಿಂದ ಹದಿನೈದು ನಿಮಿಷ. ಆಚೆ ಬರುವಾಗ ಮುಖ ಸಪ್ಪೆ."

ಡಾಕ್ಟರು ಕುನ್‌ಹಾಯ್ ಕಡೆ ತಿರುಗಿದಳು. ಸತ್ಯ ಹೇಳಲು ಅವನು ಬಾಯಿ ತೆರೆದ. ಲೀಜುವಿನ ಬಲಗಣ್ಣು ಅವನನ್ನೇ ನೋಡುತ್ತಿತ್ತು, ಕಳವಳದಿಂದ, ಸ್ವಚ್ಛವಾಗಿ. ಈಗ ಹೇಳಿದರೆ ಇವಳು ನಗಬಹುದು. ನಕ್ಕು ಮನೆಗೆ ನಡಿ ಅನ್ನಬಹುದು. ಅಲ್ಲಿಗೆ ಸುತ್ತು ಅರ್ಧಕ್ಕೇ ನಿಂತುಹೋಗುತ್ತದೆ. ಬಾಯಿ ಮುಚ್ಚಿದ. ಒಂದು ಲೀಟರ್ ನೀರು ಕುಡಿಸಿ ಸ್ಕ್ಯಾನ್ ಮಾಡಿದರು. ಐದು ದಿನದಲ್ಲಿ ಅಷ್ಟು ಸುಖವಾಗಿ ಅವನು ನೀರು ಕುಡಿದಿರಲಿಲ್ಲ.

"ಏನೂ ತೊಂದರೆ ಇಲ್ಲ," ಎಂದಳು ಡಾಕ್ಟರು. "ಪ್ರಾಸ್ಟೇಟ್ ಗ್ರಂಥಿ ಮೂವತ್ತು ವರ್ಷದವರಿಗೆ ಇರೋ ಹಾಗಿದೆ. ಮೈಯಲ್ಲಿ ನೀರೇ ಇಲ್ಲ, ಅಷ್ಟೇ. ಆಂಟಿ, ಇವರಿಗೆ ನೀರು ಕೊಡಿ."

ಲೀಜು ಬಾಟಲಿ ವಾಪಸು ಕೊಟ್ಟಳು. ಆದರೆ ಮಾತು ನಿಲ್ಲಿಸಿದಳು. ಒಂದು ರಾತ್ರಿ ತಂಗಿ ಮತ್ತೆ ಹೊರಟರೂ, ಮೀನುಕೊಳಗಳ ಪಕ್ಕ, ತೆಂಗಿನ ಸಾಲುಗಳ ಪಕ್ಕ, ಸಮುದ್ರದ ಪಕ್ಕ, ಐವತ್ತು ಕಿಲೋಮೀಟರ್ ಮಾತಿಲ್ಲ. ಕುನ್‌ಹಾಯ್ ನಡುನಡುವೆ ತಿರುಗಿ ನೋಡುತ್ತಿದ್ದ. ಅವಳು ಹಿಂದಿನಿಂದ ಅವನ ತಲೆಯ ಹಿಂಭಾಗವನ್ನೇ ದಿಟ್ಟಿಸುತ್ತಿದ್ದಳು, ಎಲ್ಲಿಂದ ಕತ್ತರಿಸಲು ಶುರುಮಾಡಲಿ ಎಂಬಂತೆ.

ಫಾಂಗ್‌ಲ್ಯಾವ್ ಊರಿನಲ್ಲಿ ದಾರಿ ಒಂದು ನಿರ್ಧಾರ ಕೇಳುತ್ತದೆ. ಎಡಕ್ಕೆ ರೈಲು ನಿಲ್ದಾಣ. ಬೆಟ್ಟದ ಸುರಂಗಗಳಲ್ಲಿ ನುಸುಳಿ ಎರಡು ಗಂಟೆಯೊಳಗೆ ಪೂರ್ವ ಕರಾವಳಿಯ ತೈತುಂಗಿಗೆ ಒಯ್ಯುವ ರೈಲು. ನೇರಕ್ಕೆ ಹೋದರೆ ಶೋಕಾ ಕಣಿವೆಯ ಏರುದಾರಿ. ಬೆಟ್ಟದಿಂದಿಳಿದು ಮುಖಕ್ಕೇ ಬಡಿಯುವ ಗಾಳಿ. ಸರ್ಕಾರ ಆ ಹಳೇ ದಾರಿಯಲ್ಲಿ ಸೈಕಲ್ಲನ್ನು ನಿಷೇಧಿಸಿಲ್ಲ. ನಿಷೇಧಿಸಬಾರದಿತ್ತೇ ಎಂದು ಕುನ್‌ಹಾಯ್ ಮನಸ್ಸಿನಲ್ಲೇ ಸರ್ಕಾರವನ್ನು ಬೈದ. ಬಲ ಮೊಣಕಾಲು ಸೀಬೆಹಣ್ಣಿನಂತೆ ಊದಿತ್ತು.

ಇನ್ನು ಉಳಿದದ್ದು ಒಂದೇ ದಾರಿ. ದೇವಿಯ ಮುಂದೆ ಸತತ ಮೂರು ಹೂಂ ಪಡೆದು ಈ ಒಂದು ಭಾಗಕ್ಕೆ ವಿನಾಯಿತಿ ತೆಗೆದುಕೊಳ್ಳುವುದು.

"ಟಾಯ್ಲೆಟ್," ಎಂದ, ಬಂದರಿನ ಪಕ್ಕದ ಪುಟ್ಟ ಗುಡಿ ತೋರಿಸಿ.

"ಹೋಗಿ ಬಾ," ಎಂದಳು ಲೀಜು. ಅಷ್ಟು ಮೆತ್ತಗೆ ಹೇಳಿದ್ದನ್ನು ಕೇಳಿ ಅವನು ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಗುಡಿಯಲ್ಲಿ ಅಗರಬತ್ತಿ ಮತ್ತು ಒಣಮೀನಿನ ವಾಸನೆ ಸಮಪಾಲಾಗಿತ್ತು. ಗುಡಿ ನೋಡಿಕೊಳ್ಳುವ ತಾತ ಮೂಲೆಯಲ್ಲಿ ಟಿವಿಯಲ್ಲಿ ಬೇಸ್‌ಬಾಲ್ ನೋಡುತ್ತಿದ್ದ. ಕುನ್‌ಹಾಯ್ ಊದಿದ ಮೊಣಕಾಲನ್ನು ದಿಂಬಿನ ಮೇಲೆ ಊರಿ, ಕೈ ಜೋಡಿಸಿ ಶುರುಮಾಡಿದ.

"ಮಾಝು ತಾಯಿ, ನಾನು ವೇ ಕುನ್‌ಹಾಯ್. ಶಿಂಜು ನಗರ. ಪಿನ್ ಕೋಡ್ ಮೂರು ಸೊನ್ನೆ ಸೊನ್ನೆ, ಸೊನ್ನೆ ನಾಲ್ಕು ನಾಲ್ಕು. ಜನನ ಗಣರಾಜ್ಯದ ಐವತ್ತೆರಡನೇ ವರ್ಷ ಮಾರ್ಚ್ ಹನ್ನೊಂದು. ನನ್ನ ಹೆಂಡತಿ ಲೀಜುವಿನ ಬಲಗಣ್ಣಿಗಾಗಿ ಹೊತ್ತ ಹರಕೆಯಂತೆ ಇನ್ನೂರ ತೊಂಬತ್ತು ಕಿಲೋಮೀಟರ್ ಆಗಿದೆ. ಅವಳಿಗೆ ಏನೂ ಗೊತ್ತಿಲ್ಲ. ಅವಳ ಕಾಲು ಚೆನ್ನಾಗಿದೆ. ಕೆಟ್ಟಿರೋದು ನಂದು. ಈ ಬೆಟ್ಟ ಒಂದನ್ನ ರೈಲಿನಲ್ಲಿ ದಾಟಿದರೆ ಅವಳ ಕಣ್ಣಿಗೆ ಏನೂ ಮಾಡಲ್ಲ ಅಂತ ಮಾತು ಕೊಡು."

ತುಂಡು ಹಾಕಿದ. ನಗು.

ಮತ್ತೆ ಹಾಕಿದ. ನಗು.

"ಮೊಣಕಾಲು ಬೇಕಾದ್ರೆ ನೋಡು," ಎಂದು ಪ್ಯಾಂಟು ಮೇಲೆತ್ತಿ ತೋರಿಸಿ ಮತ್ತೆ ಹಾಕಿದ. ನಗು. ಅದರಲ್ಲೂ ಈ ಸಲ ತುಂಡುಗಳು ಬಹಳ ಹೊತ್ತು ಓಲಾಡಿದವು.

ತಾತ ಟಿವಿಯ ಸದ್ದು ಅಡಗಿಸಿದ. "ಮೇಷ್ಟ್ರೇ, ಒಂದು ನಿಮಿಷ."

"ನಾನು ಮೇಷ್ಟ್ರು ಅಂತ ಹೇಗೆ ಗೊತ್ತಾಯ್ತು?"

"ಐವತ್ತು ವರ್ಷದಲ್ಲಿ ದೇವಿಗೆ ಪಿನ್ ಕೋಡ್ ಹೇಳಿದೋರು ನೀವೊಬ್ಬರೇ. ಇರಲಿ. ಹುಟ್ಟಿದ ದಿನ ಏನಂದ್ರಿ?"

"ಮಾರ್ಚ್ ಹನ್ನೊಂದು."

"ಅದು ಸರ್ಕಾರದ ಲೆಕ್ಕ. ದೇವಿಗೆ ಚಂದ್ರನ ಲೆಕ್ಕ ಹೇಳಬೇಕು. ಇಷ್ಟು ದಿನ ಹೀಗೇ ಹೇಳ್ತಿದ್ರಾ?"

"ಹೌದು."

"ಹರಕೆ ಹೊರುವಾಗ್ಲೂ?"

"...ಹೌದು."

ತಾತನಿಗೆ ಕೆಮ್ಮು ಬಂತು, ಅಥವಾ ಕೆಮ್ಮಿನಂಥದ್ದು. "ಹಾಗಾದ್ರೆ ನೀವು ಯಾರು ಅಂತ್ಲೇ ಅವಳಿಗೆ ಗೊತ್ತಿಲ್ಲ ಮೇಷ್ಟ್ರೇ. ಯಾರೋ ಒಬ್ಬ ಊರೂರಲ್ಲಿ ಮೊಣಕಾಲೂರಿ ಏನೇನೋ ಕೇಳ್ತಾನೆ. ನಗದೆ ಇನ್ನೇನು ಮಾಡ್ತಾಳೆ? ಚಂದ್ರನ ತಾರೀಖು ಹೇಳಿ, ಸರಿಹೋಗುತ್ತೆ."

ಕುನ್‌ಹಾಯ್‌ಗೆ ಮೊದಲು ಮನಸ್ಸು ಹಗುರಾಯಿತು. ಅರ್ಜಿ ತಲುಪಿಯೇ ಇಲ್ಲ ಅಂದರೆ ಹರಕೆಯೂ ಇಲ್ಲ. ಹರಕೆ ಇಲ್ಲ ಅಂದರೆ ಬೆಟ್ಟವೂ ಇಲ್ಲ. ಅದರ ಹಿಂದೆಯೇ, ಎರಡು ಉಸಿರಿನಷ್ಟು ತಡವಾಗಿ, ಬೆನ್ನಿಗೆ ಚಳಿ ಹತ್ತಿತು. ಅರ್ಜಿ ತಲುಪಿಲ್ಲ ಅಂದರೆ ಇಷ್ಟು ತಿಂಗಳಿಂದ ಆ ಕಣ್ಣನ್ನು ಕಾಯುತ್ತಿದ್ದವರು ಯಾರು?

"ನನಗೆ ಚಂದ್ರನ ತಾರೀಖು ಗೊತ್ತಿಲ್ಲ," ಎಂದ.

"ಎರಡನೇ ತಿಂಗಳು ಹದಿನಾರು," ಎಂದಿತು ಹಿಂದಿನಿಂದ ಒಂದು ದನಿ. "ಮೊಲದ ವರ್ಷ. ಪ್ರತಿ ವರ್ಷ ಆ ದಿನ ಆಯಸ್ಸು ಹೆಚ್ಚಲಿ ಅಂತ ಉದ್ದ ಶ್ಯಾವಿಗೆ ಮಾಡಿ ಹಾಕ್ತೀನಿ. ಯಾಕೆ ಅಂತ ಒಂದ್ ಸಲನೂ ಕೇಳಿಲ್ಲ ಈ ಮನುಷ್ಯ."

ಕಲ್ಲಿನ ಕಂಬದ ಪಕ್ಕದಲ್ಲಿ ಲೀಜು ನಿಂತಿದ್ದಳು. ಹೆಲ್ಮೆಟ್ಟು ಕೈಯಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ವೇ ಕುನ್‌ಹಾಯ್," ಎಂದಳು. ಹೆಸರಿನ ಜೊತೆ ಮನೆತನದ ಹೆಸರೂ ಸೇರಿ ಬಂದರೆ ಪರಿಸ್ಥಿತಿ ಗಂಭೀರ ಎಂದೇ ಅರ್ಥ. "ಇದಾ ನಿನ್ನ ಟಾಯ್ಲೆಟ್ಟು?"

"ಹೂಂ."

"ಎಷ್ಟು ಸಲ ಕೇಳಿದೀಯ ಒಟ್ಟು?"

"ಐವತ್ಮೂರು."

"ಎಲ್ಲಾ ನನ್ನ ಕಣ್ಣಿಗಾ?"

"ಒಂದು ಮಾತ್ರ ಲಿಫ್ಟ್ ವಿಚಾರ."

ಲೀಜು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟಳು. "ನನ್ನ ಕಾಲನ್ನ ನನ್ನ ಕೇಳ್ದೆ ದೇವಿಗೆ ಬರ್ಕೊಟ್ಟಿದೀಯ."

"ಕೇಳೋ ಹಾಗಿರ್ಲಿಲ್ಲ. ನಿನಗೆ ಮತ್ತಿನ ಔಷಧ ಕೊಟ್ಟಿದ್ರು."

"ಮರ ಏನಂತೆ ಅಂತ ನಮ್ಮಮ್ಮನ್ನ ಅಷ್ಟು ವರ್ಷ ಆಡ್ಕೊಂಡೋನು."

"ಹೂಂ."

"ನಾನೊಬ್ಳು ಪೆದ್ದಿ, ನಿಂಗೆ ಕುಂಬಳದ ಬೀಜ ತಿನ್ನಿಸಿದೆ."

"ಅದು ಚೆನ್ನಾಗಿತ್ತು," ಎಂದ ಕುನ್‌ಹಾಯ್. ತಾತ ಟಿವಿ ಕಡೆ ಮುಖ ತಿರುಗಿಸಿಕೊಂಡ, ಸದ್ದು ಮಾತ್ರ ಜಾಸ್ತಿ ಮಾಡಲಿಲ್ಲ.

ಲೀಜು ಗಂಡನ ಮೊಣಕಾಲು ನೋಡಿದಳು. ಬಲಗಣ್ಣಿನ ಅಂಚನ್ನು ಬೆರಳಿನಿಂದ ಒರೆಸಿಕೊಂಡಳು. ಕುನ್‌ಹಾಯ್‌ನ ಎದೆ ಅಭ್ಯಾಸದಂತೆ ಧಸಕ್ಕೆಂದಿತು. "ಹೊಗೆ," ಎಂದಳು ಅವಳು. "ಸರಿ, ಆ ಕಡೆ ಸರಿ."

ಪಕ್ಕದ ದಿಂಬಿನ ಮೇಲೆ ಮೊಣಕಾಲೂರಿ, ನೆರೆಮನೆಯ ಹಿರಿಯಳ ಜೊತೆ ಮಾತಿಗೆ ಕೂತವಳಂತೆ ಹೇಳತೊಡಗಿದಳು. "ತಾಯಿ, ಇವನು ನನ್ನ ಗಂಡ ಕುನ್‌ಹಾಯ್. ಎರಡನೇ ತಿಂಗಳು ಹದಿನಾರು, ಮೊಲದ ವರ್ಷ, ಶಿಂಜುವಿನವನು. ತಲೇಲಿ ಬುದ್ಧಿ ಜಾಸ್ತಿ, ವ್ಯವಹಾರ ಕಮ್ಮಿ. ನನ್ನ ಕಣ್ಣಿಗೆ ಹರಕೆ ಹೊತ್ತಿದಾನೆ, ಅದು ಇವನದೇ ಅಂತ ಈಗ ಬರ್ಕೋ. ಮೊಣಕಾಲು ಊದಿದೆ. ಈ ಬೆಟ್ಟ ರೈಲಲ್ಲಿ ದಾಟಬಹುದಾ?"

ತುಂಡು ಹಾಕಿದಳು. ಒಂದು ಅಂಗಾತ, ಒಂದು ಕವುಚಿ. ಹೂಂ.

ಮತ್ತೆ. ಹೂಂ.

ಕುನ್‌ಹಾಯ್ ಉಸಿರು ಬಿಗಿಹಿಡಿದ. ಮೂರನೇ ಸಲ ಒಂದು ತುಂಡು ಕಲ್ಲಿಗೆ ತಗಲಿ ಪುಟಿದು, ಬುಗುರಿಯಂತೆ ಗಿರಕಿ ಹೊಡೆದು, ಅವನ ಊದಿದ ಮೊಣಕಾಲಿನ ಪಕ್ಕಕ್ಕೇ ಬಂದು ಕವುಚಿ ಬಿತ್ತು. ಇನ್ನೊಂದು ಅಂಗಾತ. ಹೂಂ.

"ಎಂಟಕ್ಕೆ ಒಂದು," ಎಂದು ಪಿಸುಗುಟ್ಟಿದ ಅವನು. ಆದರೆ ಕಣ್ಣಲ್ಲಿ ನೀರಿತ್ತು, ಅದಕ್ಕೂ ಹೊಗೆಯೇ ಕಾರಣವಿರಬೇಕು. ಎದ್ದು, ಕುಂಟುತ್ತಲೇ ದೇವಿಗೆ ಮೂರು ಸಲ ಬಾಗಿ, ತಾತನಿಗೆ ಒಂದು ಸಲ ಬಾಗಿ ಹೊರಗೆ ಬಂದ. ವಾರದಲ್ಲಿ ಮೊದಲ ಸಲ ಸಮುದ್ರ ಅವನಿಗೆ ನೀಲಿಯಾಗಿ ಕಂಡಿತು. ವೇಳಾಪಟ್ಟಿಯ ಹನ್ನೊಂದೂ ಪುಟಗಳನ್ನು ಚೀಲಕ್ಕೆ ತುರುಕಿ, ಸೈಕಲ್ಲಿನ ಮೂತಿಯನ್ನು ಎಡಕ್ಕೆ, ನಿಲ್ದಾಣದ ಕಡೆಗೆ ತಿರುಗಿಸಿದ.

"ಮುಂದಿನ ರೈಲಿಗೆ ಇನ್ನೂ ನಲವತ್ತು ನಿಮಿಷ ಇದೆ. ಊಟ ಕಟ್ಟಿಸ್ಕೊಳ್ಳೋಣ್ವಾ? ಕಿಟಕಿ ಪಕ್ಕ ನೀನು ಕೂತ್ಕೊ."

ತಿರುಗಿ ನೋಡಿದ. ಲೀಜು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು. ಅವಳ ಸೈಕಲ್ಲಿನ ಮೂತಿ ಬೆಟ್ಟದ ಕಡೆಗಿತ್ತು.

"ಲೀಜು, ನಿಲ್ದಾಣ ಈ ಕಡೆ."

"ಗೊತ್ತು."

"ದೇವಿ ಬಿಟ್ಟಿದಾಳೆ. ಮೂರು ಸಲ. ನೀನೇ ಹಾಕಿದ್ದು."

"ಬಿಟ್ಟಿದಾಳೆ. ದೊಡ್ಡ ಮನಸ್ಸು ಅವಳದು. ಬಿಡದೇ ಇದ್ದಿದ್ರೆ ಹೆದರಿ ಹತ್ತಬೇಕಾಗಿತ್ತು. ಈಗ ಆರಾಮಾಗಿ ಹತ್ತಬಹುದು." ಅವನ ಬಾಟಲಿಗೆ ತನ್ನ ಬಾಟಲಿಯಿಂದ ನೀರು ತುಂಬಿ ಸಿಕ್ಕಿಸಿದಳು. "ಇವತ್ತು ರಾತ್ರಿ ಮೊಣಕಾಲಿಗೆ ಪಟ್ಟು ಹಾಕ್ತೀನಿ. ನಾಳೆ, ನಾಡಿದ್ದು, ಎಷ್ಟು ದಿನ ಆದ್ರೂ ಸರಿ. ತುಳಿಯಕ್ಕಾಗ್ದೆ ಇದ್ರೆ ತಳ್ಕೊಂಡು ನಡಿ. ನಿನ್ನ ಚೀಲ ನಾನು ಹೊರ್ತೀನಿ."

"ಲೀಜು, ನೂರು ಕಿಲೋಮೀಟರ್. ಗಾಳಿ ಬೇರೆ."

"ಕಣ್ಣು ದೇವೀದಲ್ಲ, ನಂದು. ನನ್ನ ಕಣ್ಣಿಗೆ ಹರಕೆ ಹೊತ್ತು ಅದ್ರಲ್ಲಿ ನೂರು ಕಿಲೋಮೀಟರ್ ರಿಯಾಯಿತಿ ಕೇಳ್ತೀಯಾ? ಸೈಕಲ್ ಹತ್ತು."

ಕುನ್‌ಹಾಯ್ ಹತ್ತಿದ. ಈ ತೀರ್ಪಿನ ಮೇಲೆ ಅಪೀಲು ಹೋಗಲು ಇಡೀ ದ್ವೀಪದಲ್ಲಿ ಒಂದು ಗುಡಿಯೂ ಇರಲಿಲ್ಲ.